ರಿಪೀಟರ್‌ಗೆ ‘ಪುನರಾವರ್ತಕ’ ಒಪ್ಪುತ್ತದೆಯೇ?

ಹ್ಯಾಮ್ ರೇಡಿಯೊ, ಅಂದರೆ ಪರವಾನಗಿ ಪಡೆದು ಹವ್ಯಾಸಕ್ಕಾಗಿ ನಡೆಸುವ ರೇಡಿಯೊ ಸಂಪರ್ಕ, ಕಲಿಯುವವರಿಗಾಗಿ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆಯಲು ಕುಳಿತವನು ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದಿದ್ದೇನೆ. ರೇಡಿಯೊ ಸಂಕೇತವನ್ನು ಹಿಡಿದು ಆಗಲೇ ಮತ್ತೆ ಕಳುಹಿಸುವ ಯಂತ್ರವಾದ ರಿಪೀಟರ್‌ಗೆ ‘ಪುನರಾವರ್ತಕ’ ಎನ್ನುತ್ತಾರೆ. ಫ್ರೀಕ್ವೆನ್ಸಿಗೆ ‘ಆವರ್ತನ’ ಎನ್ನುತ್ತಾರೆ. ‘ಪುನರಾವರ್ತಕವು ಒಂದು ಆವರ್ತನದಲ್ಲಿ ಬಂದದ್ದನ್ನು ಇನ್ನೊಂದು ಆವರ್ತನದಲ್ಲಿ ಕಳುಹಿಸುತ್ತದೆ’ ಎಂದು ಬರೆದೆ. ಓದಿದ ಗೆಳೆಯ ತಲೆ ಸುತ್ತಿತು ಎಂದ. ಸಾಲದ್ದಕ್ಕೆ ಪರೀಕ್ಷಾ ಪ್ರಕಟಣೆಗಳಲ್ಲಿ ‘ಪುನರಾವರ್ತಿತ ಅಭ್ಯರ್ಥಿ’ ಎಂದರೆ ನಪಾಸಾಗಿ ಮತ್ತೆ ಕುಳಿತವನು. ಬಡಪಾಯಿ ಯಂತ್ರಕ್ಕೆ ಆ ಕಳಂಕವೇಕೆ?

ಅರ್ಥವೂ ಕೂಡಿಬರುವುದಿಲ್ಲ. ಪುನರಾವರ್ತನೆ ಎಂದರೆ ಆದದ್ದೇ ಮತ್ತೊಮ್ಮೆ ಆಗುವುದು. ರಿಪೀಟರ್ ಮಾತು ಮುಗಿಯಲಿ ಎಂದು ಕಾಯುವುದಿಲ್ಲ, ಕೇಳುತ್ತಿರುವಾಗಲೇ ಕೂಗುತ್ತದೆ. ಹ್ಯಾಮ್‌ಗಳು ಬಳಸುವ ಆವರ್ತನ ಪಟ್ಟಿಗಳಲ್ಲೊಂದಾದ ಎರಡು ಮೀಟರ್ ಬ್ಯಾಂಡಿನಲ್ಲಿ ಅದು ಕೇಳುವ ಮತ್ತು ಕೂಗುವ ಆವರ್ತನಗಳಿಗೆ ಸಾಮಾನ್ಯವಾಗಿ 600 ಕಿಲೊಹರ್ಟ್ಜ್ ಅಂತರ. ಒಂದೇ ಆಂಟೆನಾ ಇದ್ದರೂ ತನ್ನ ಕೂಗಿಗೆ ತಾನೇ ಕಿವುಡಾಗದಂತೆ ಎರಡು ಆವರ್ತನಗಳನ್ನು ಬೇರ್ಪಡಿಸುವ ಡ್ಯುಪ್ಲೆಕ್ಸರ್ ಎಂಬ ಸಾಧನ ಕಾಯುತ್ತದೆ. ‘ಮರುಪ್ರಸಾರಕ’ ಎನ್ನೋಣವೆಂದರೆ ಅದು ಟಿವಿ ಗೋಪುರದ ಮಾತು. ಹಾಗೆ ಸಾರ್ವಜನಿಕರಿಗಾಗಿ ಪ್ರಸಾರ ಮಾಡುವುದು ಹ್ಯಾಮ್‌ಗಳಿಗೆ ನಿಷಿದ್ಧ.

ಕಳೆದ ಚಳಿಗಾಲದಲ್ಲಿ ಚಿಂಚೋಳಿ ಕಾಡಿನ ಅಂಚಿನ ದಿಬ್ಬವೊಂದಕ್ಕೆ ರಿಪೀಟರ್, 12 ವೋಲ್ಟ್ ಬ್ಯಾಟರಿ, ಆಂಟೆನಾ, ಬಿದಿರಿನ ಗಳ ಹೊತ್ತು ಹತ್ತಿದ್ದೆವು. ಕೆಳಗಿನ ಎರಡು ತಾಂಡಾಗಳಲ್ಲಿದ್ದ ವಾಕಿಟಾಕಿಗಳು ಒಂದಕ್ಕೊಂದು ಕೇಳಿಸುತ್ತಿರಲಿಲ್ಲ. ಈ ತರಂಗಗಳು ಹೆಚ್ಚಾಗಿ ನೇರ ಸಾಗುವಂಥವು, ಗುಡ್ಡ ಅಡ್ಡ ಬಂದರೆ ಮುಗಿಯಿತು. ರಿಪೀಟರ್ ಹೂಡಿದ ಮೇಲೆ ಎರಡೂ ಕಡೆ ಮಾತು ಸ್ವಚ್ಛ. ಬ್ಯಾಟರಿ ಹೊತ್ತು ತಂದಿದ್ದ ಹುಡುಗ, ‘ಹಾಗಾದರೆ ಇದು ನಡುವೆ ನಿಂತು ಕೂಗು ಮುಟ್ಟಿಸುವವನು ಅನ್ನಿರಿ, ಕಾಕಾ’ ಎಂದ. ನನ್ನ ಕೈಪಿಡಿಯ ಇಡೀ ಪುಟ ಅವನ ಒಂದು ಮಾತಿನಲ್ಲಿತ್ತು.

ಕೂಗಳತೆ, ಸುದ್ದಿ ಮುಟ್ಟಿಸು ಎಂಬವು ನಮ್ಮಲ್ಲಿ ಇದ್ದೇ ಇವೆ. ‘ಕೂಗುಮುಟ್ಟಿ’ ಎಂದರೆ ನಗುತ್ತೀರಾ? ನನ್ನ ಕಿವಿಗೂ ತುಸು ಒರಟೇ. ‘ದನಿದಾಟಿ’ ನಯವಾಗಿದೆ, ಆದರೆ ಹಾಡಿನ ಧಾಟಿ ಎಂದು ಓದಿಕೊಳ್ಳುವ ಅಪಾಯವಿದೆ.

ಇನ್ನು ನಾವು ಹೊತ್ತೊಯ್ದಂಥ ಪೋರ್ಟಬಲ್ ರಿಪೀಟರ್‌ನ ‘ಪೋರ್ಟಬಲ್’ ಪದಕ್ಕೆ ‘ಸಂಚಾರಿ’ ಆಗದು. ಓಡುವ ಜೀಪಿನಿಂದ ಮಾತನಾಡುವ ಕೇಂದ್ರವೇ ಬೇರೆ, ಒಯ್ದು ಒಂದೆಡೆ ಹೂಡುವ ಕೇಂದ್ರವೇ ಬೇರೆ. ಹ್ಯಾಮ್‌ಗಳು ಈ ಎರಡನ್ನು ಬೆರೆಸುವುದಿಲ್ಲ. ಸದ್ಯಕ್ಕೆ ‘ಬಿಡಾರದ ರಿಪೀಟರ್’ ಎಂದು ಬರೆದಿಟ್ಟಿದ್ದೇನೆ.

ಬೀದರ್, ಯಾದಗಿರಿ ಕಡೆಯವರಲ್ಲಿ ಒಂದು ಪ್ರಶ್ನೆ: ತೊಗರಿ ಹೊಲ ಕಾಯುವಾಗ ಆಚೆಯವನ ಕೂಗನ್ನು ಎತ್ತಿಕೊಂಡು ಈಚೆಯ ಹೊಲಕ್ಕೆ ಕೂಗುವವನಿಗೆ ನಿಮ್ಮೂರಲ್ಲಿ ಹೆಸರೇನಾದರೂ ಇತ್ತೇ?