ಪುಟ್ಟಿಗೆ ಬಂದ ಗಿಫ್ಟೆಡ್ ಪತ್ರದ ವಿಷಯ

ಎಲ್ರಿಗೂ ನಮಸ್ಕಾರ. ಈಗ ತಾನೇ ಕೆಲಸ ಮುಗಿಸಿ ಕಾರಲ್ಲಿ ಕೂತೆ. ಟೈಪ್ ಮಾಡೋಕಾಗಲ್ಲ, ಅದಕ್ಕೇ ಮಾತಾಡ್ತಿದೀನಿ. ಸ್ವಲ್ಪ ಉದ್ದ ಆಗತ್ತೆ, ಕೇಳಿ.

ತಂಗಿ, ನಿನ್ನೆ ನೀನು ಈ ಗ್ರೂಪಲ್ಲಿ ಹಾಕಿದ ಶಾಲೆಯ ಪತ್ರ ನೋಡಿದೆ ಕಣೇ. ಪುಟ್ಟಿ ಎರಡನೇ ಕ್ಲಾಸಲ್ಲಿ ಬರೆದ ಕಾಗ್ಯಾಟ್ ಅನ್ನೋ ಯೋಚನಾಶಕ್ತಿ ಅಳೆಯೋ ಪರೀಕ್ಷೆ, ಆಮೇಲೆ ‘ಗಿಫ್ಟೆಡ್ ಕಾರ್ಯಕ್ರಮಕ್ಕೆ ಆಯ್ಕೆ ಆಗಿಲ್ಲ’ ಅಂತ ಉತ್ತರ. ಗಿಫ್ಟೆಡ್ ಅಂದ್ರೆ ತುಂಬಾ ಚುರುಕಾದ ಮಕ್ಕಳಿಗೆ ಶಾಲೆ ನಡೆಸೋ ವಿಶೇಷ ಪಾಠ. ಅದರ ಕೆಳಗೆ ಚಿಕ್ಕಪ್ಪ, ‘ಇನ್ನಾದ್ರೂ ಮನೇಲಿ ಇಂಗ್ಲಿಷ್ ಮಾತಾಡಿ’ ಅಂದಿದಾರೆ. ಚಿಕ್ಕಪ್ಪ, ನೀವು ದೊಡ್ಡವರು, ಮಗು ಮೇಲಿನ ಪ್ರೀತಿಗೇ ಹೇಳಿದೀರಿ. ಆದ್ರೆ ಇದೊಂದು ಮಾತು ನಾನು ಒಪ್ಪಲ್ಲ.

ಆ ಪರೀಕ್ಷೇಲಿ ಮೂರು ಭಾಗ: ಮಾತು, ಲೆಕ್ಕ, ಆಕಾರ. ಅದೇ ವಯಸ್ಸಿನ ಮಕ್ಕಳ ಸರಾಸರಿ 100. ಪುಟ್ಟಿಗೆ ಆಕಾರದಲ್ಲಿ 134, ಲೆಕ್ಕದಲ್ಲಿ 127, ಮಾತಿನಲ್ಲಿ 108. ಮಾತಿನ ಭಾಗದ ಕೆಲವು ಪ್ರಶ್ನೆಗಳಲ್ಲಿ ಟೀಚರ್ ಇಂಗ್ಲಿಷಲ್ಲಿ ಒಂದು ವಾಕ್ಯ ಓದ್ತಾರೆ, ಮಗು ಸರಿಯಾದ ಚಿತ್ರ ಗುರುತಿಸಬೇಕು. ನನ್ನ ಮಗ ಆ ವಯಸ್ಸಲ್ಲಿದ್ದಾಗ ‘ಲೇಡಲ್ ಎಲ್ಲಿದೆ ತೋರ್ಸು’ ಅಂದ್ರೆ ಪಿಳಿಪಿಳಿ ನೋಡ್ತಿದ್ದ. ‘ಸೌಟು’ ಅಂದ್ರೆ ಓಡಿಹೋಗಿ ತರ್ತಿದ್ದ. ಅವನಿಗೇನು ಬುದ್ಧಿ ಕಮ್ಮಿ ಇತ್ತಾ?

ಆಗ ನಾವಿರೋ ಊರಿನ ಶಾಲೆಯಲ್ಲೂ ಯಾರೋ ‘ಮನೆಭಾಷೆ ಬಿಡಿ’ ಅಂದ್ರು. ನಾವು ಹೆದರಿ ಬಿಟ್ವಿ. ಈಗ ಭಾನುವಾರ ಅಮ್ಮ ಫೋನ್ ಮಾಡಿದ್ರೆ ಅವನು ‘ಹಾಯ್ ಅಜ್ಜಿ’ ಅಂದು ಫೋನ್ ನನ್ನ ಕೈಗೆ ಕೊಡ್ತಾನೆ. ಅಮ್ಮ ಏನೂ ಅನ್ನಲ್ಲ. ನನಗೆ ಹೊಟ್ಟೆ ಕಿವುಚಿದಂಗಾಗತ್ತೆ. ಪುಟ್ಟಿಗೆ ಹಾಗಾಗ್ಬಾರ್ದು.

ತಂಗಿ, ಈಗ ಮಾಡಬೇಕಾದ್ದು ಕೇಳು. ನೀವಿರೋದು ವರ್ಜೀನಿಯಾದಲ್ಲಿ. ಒಂದೇ ಅಳತೆ ಹಿಡ್ಕೊಂಡು ಮಗುವಿನ ಅರ್ಹತೆ ತೀರ್ಮಾನ ಮಾಡೋ ಹಾಗಿಲ್ಲ ಅಂತ ಆ ರಾಜ್ಯದ ನಿಯಮದಲ್ಲೇ ಇದೆ. ಮೇಲ್ಮನವಿಗೂ ಅವಕಾಶ ಇದೆ, ಆದ್ರೆ ಪತ್ರ ಕೈಗೆ ಬಂದ ಮೇಲೆ ಶಾಲೆ ನಡೆಯೋ 10 ದಿನದೊಳಗೆ ಕೊಡಬೇಕು. ಈ ವಾರಾನೇ ಬರಿ. ‘ನನ್ನ ಮಗಳು ತುಂಬಾ ಜಾಣೆ’ ಅಂತ ಬರೀಬೇಡ, ಎಲ್ಲಾ ತಾಯಂದಿರೂ ಅದನ್ನೇ ಬರೀತಾರೆ. ರಜೆಗೆ ಊರಿಗೆ ಹೋದಾಗ ಪುಟ್ಟಿ ಅಜ್ಜಿ ಜೊತೆ ಅಳಗುಳಿ ಮಣೆ ಆಡಿ ಸೋತು, ಆಮೇಲೆ ಹಾಳೆ ಮೇಲೆ ಹದಿನಾಲ್ಕು ಗುಳಿ ಬರೆದು, ಯಾವ ಗುಳಿಯಿಂದ ಹುಣಸೆಬೀಜ ಎತ್ತಿದ್ರೆ ಕೊನೆ ಬೀಜ ಎಲ್ಲಿ ಬೀಳತ್ತೆ ಅಂತ ಬಾಣ ಹಾಕಿದ್ದಳಲ್ಲ, ಆ ಹಾಳೆ ಇದೆಯಾ? ಮೂರನೇ ದಿನ ಅಜ್ಜೀನ ಸೋಲಿಸಿದ್ದು ಆ ಹಾಳೆಯಿಂದಾನೇ. ಅದನ್ನ ಲಗತ್ತಿಸು. ಬಾಣಗಳ ಅರ್ಥ ಅವಳ ಬಾಯಲ್ಲೇ ಕೇಳಿ, ಕೆಳಗೆ ಇಂಗ್ಲಿಷಲ್ಲಿ ಬರಿ.

ಇನ್ನೊಂದು. ಪುಟ್ಟಿ ಜೊತೆ ಬಸ್ಸಲ್ಲಿ ಹೋಗೋ ಆ ಎಲ್ ಸಾಲ್ವಡೋರ್ ದೇಶದ ಹುಡುಗ, ಅವಳಿಗೆ ರೂಬಿಕ್ ಕ್ಯೂಬ್ ಕಲಿಸಿದವನು, ಅವನ ಅಮ್ಮನಿಗೂ ಇದನ್ನೆಲ್ಲ ಹೇಳು. ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಮುಂಚೆ ಟೀಚರೋ ಅಪ್ಪ-ಅಮ್ಮನೋ ಹೆಸರು ಕೊಟ್ಟ ಮಕ್ಕಳನ್ನಷ್ಟೇ ಪರೀಕ್ಷೆ ಮಾಡ್ತಿದ್ರು. 2005ರಲ್ಲಿ ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಬರೀ ಆಕಾರಗಳ ಪರೀಕ್ಷೆ ಕೊಡೋಕೆ ಶುರು ಮಾಡಿದ್ರು. ಬಡವರ ಮಕ್ಕಳು, ಕಪ್ಪು ಜನರ ಮಕ್ಕಳು, ಸ್ಪ್ಯಾನಿಷ್ ಮನೆಮಾತಿನ ಮಕ್ಕಳು ಮೊದಲಿಗಿಂತ ಎಷ್ಟೋ ಹೆಚ್ಚು ಆಯ್ಕೆಯಾದ್ರು. ಆ ಮಕ್ಕಳು ಮೊದಲೂ ಅದೇ ಬೆಂಚಲ್ಲಿ ಕೂತಿದ್ರು, ಕೇಳೋರಿರಲಿಲ್ಲ ಅಷ್ಟೇ. ಆಮೇಲೆ ಖರ್ಚು ಕಡಿತ ಬಂದು ಅದು ನಿಂತಾಗ ಸಂಖ್ಯೆ ಮತ್ತೆ ಇಳೀತು. ಡೇವಿಡ್ ಕಾರ್ಡ್, ಲಾರಾ ಜೂಲಿಯಾನೊ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನ ಲೆಕ್ಕ ಸಮೇತ ತೋರಿಸಿದಾರೆ. ನಮಗೆ ಹೇಳೋಕೆ ಈ ಗ್ರೂಪ್ ಇದೆ. ಎರಡು ಶಿಫ್ಟ್ ದುಡಿಯೋ ಆ ತಾಯಿಗೆ ಯಾರಿದಾರೆ ಹೇಳು?

ಆ ಹಾಳೆ ಸಿಕ್ಕಿದ್ರೆ ರಾತ್ರಿ ಫೋಟೋ ಕಳಿಸು. ನಾನು ಎದ್ದೇ ಇರ್ತೀನಿ, ಇಬ್ರೂ ಕೂತು ಬರೆಯೋಣ. ಪುಟ್ಟಿ ಹತ್ರ ಕನ್ನಡದಲ್ಲೇ ಮಾತಾಡ್ತಿರು, ಆಯ್ತಾ?