ಶಿವಮೊಗ್ಗದಿಂದ ಆಗುಂಬೆ ಇಳಿದು ಕಾರವಾರಕ್ಕೆ: 14 ಕೆಜಿ ಸಾಮಾನು ಸೈಕಲ್‌ನಲ್ಲಿ ಎಲ್ಲಿ ಕಟ್ಟೋದು?

ಎರಡುಚಕ್ರ:
ಡಿಸೆಂಬರ್‌ನಲ್ಲಿ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಉಡುಪಿ, ಅಲ್ಲಿಂದ ಎನ್‌ಎಚ್ 66 ಹಿಡಿದು ಕಾರವಾರ. ಆರು ದಿನ. ಅಲ್ಯೂಮಿನಿಯಂ ಹೈಬ್ರಿಡ್, ಡಿಸ್ಕ್ ಬ್ರೇಕ್, ಹಿಂದಿನ ಚಕ್ರಕ್ಕೆ 32 ಸ್ಪೋಕ್. ಕ್ಯಾರಿಯರ್ ಕೂರಿಸೋಕೆ ಆಕ್ಸಲ್ ಹತ್ತಿರ ತೂತಿದೆ, ಸೀಟಿನ ಕೆಳಗೆ ಇಲ್ಲ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಬಟ್ಟೆ, ಟೂಲ್ಸ್ ಸೇರಿ ನೀರು ಬಿಟ್ಟು 14 ಕೆಜಿ. ಬೆನ್ನಿಗೇ ಹಾಕ್ಕೊಂಡ್ರೆ ಆಗಲ್ವಾ?

ಮಲ್ನಾಡ್ ಪೆಡಲ್:
ಬೆನ್ನಿಗೆ ಬೇಡ. ಆ ಭಾರವೆಲ್ಲ ಕೊನೆಗೆ ಸೀಟಿನ ಮೇಲೇ ಕೂರೋದು, ಎರಡನೇ ದಿನಕ್ಕೆ ಕೂರಕ್ಕಾಗಲ್ಲ. ಕರಾವಳಿ ಸೆಕೆಗೆ ಬೆನ್ನು ಒಣಗೋದೂ ಇಲ್ಲ.

25 ಕೆಜಿ ತಡೆಯೋ ಕ್ಯಾರಿಯರ್, ಎರಡು ಪಕ್ಕಕ್ಕೆ 20 ಲೀಟರಿನ ಒಂದೊಂದು ಪ್ಯಾನಿಯರ್ (ಕ್ಯಾರಿಯರ್ ಪಕ್ಕಕ್ಕೆ ನೇತುಹಾಕೋ ಬ್ಯಾಗ್) ಸಾಕು. ಬರೀ ಸೀಟ್ ಪೋಸ್ಟಿಗೆ (ಸೀಟು ಹೊತ್ತಿರೋ ಕಂಬಿಗೆ) ಕಚ್ಚಿಸೋ ಕ್ಯಾರಿಯರ್ ತಗೋಬೇಡಿ. ಅದು 10 ಕೆಜಿ ಆಸುಪಾಸಿನದು, ಗುಂಡಿ ಹಾರಿದಾಗ ಪಕ್ಕಕ್ಕೆ ತಿರುಗುತ್ತೆ.

ಮೇಲೆ ತೂತಿಲ್ಲದ್ದಕ್ಕೆ ಎರಡೂ ಬದಿ ತೂತಿರೋ ಸೀಟ್ ಕ್ಲಾಂಪ್ ಸಿಗುತ್ತೆ. ಅಳೆಯಬೇಕಾದ್ದು ಸೀಟ್ ಪೋಸ್ಟ್ ಇಳಿಯೋ ಫ್ರೇಮ್ ಪೈಪಿನ ಹೊರ ವ್ಯಾಸ (31.8 ಅಥವಾ 34.9 ಮಿಮೀ ಸಾಮಾನ್ಯ), ಸೀಟ್ ಪೋಸ್ಟಿನದಲ್ಲ. ಇಲ್ಲೇ ತುಂಬಾ ಜನ ಎಡವೋದು.

ಎಡಗಡೆ ಡಿಸ್ಕ್ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯೋ ಬ್ರೇಕಿನ ಭಾಗ) ಕ್ಯಾರಿಯರ್ ಕಾಲಿಗೆ ಅಡ್ಡ ಬಂದ್ರೆ ನಡುವೆ ಸ್ಪೇಸರ್ (ಅಂತರ ಕೊಡೋ ಬಿಲ್ಲೆ) ಕೊಟ್ಟು ಉದ್ದದ ಎಂ5 (5 ಮಿಮೀ ದಪ್ಪದ) ಬೋಲ್ಟ್ ಹಾಕ್ತಾರೆ. ಸ್ಪೇಸರ್ ಉದ್ದ ಆದಷ್ಟೂ ಬೋಲ್ಟ್ ಬಾಗಿ ಮುರಿಯೋದು ಜಾಸ್ತಿ. ಆಗೋದಾದ್ರೆ ಡಿಸ್ಕ್ ಬ್ರೇಕಿಗೆಂದೇ ಮಾಡಿದ ಕ್ಯಾರಿಯರ್ ತಗೊಳ್ಳಿ. ಬಲಗಡೆ ಬೋಲ್ಟಿನ ತುದಿ ಒಳಗೆ ಚಾಚಿರಬಾರದು: ಚೈನನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ತಂದು ಪೆಡಲ್ ತಿರುಗಿಸಿ ನೋಡಿ, ತಾಗ್ತಿದ್ರೆ ಬೋಲ್ಟ್ ಕತ್ತರಿಸಿ. ಎಲ್ಲ ಬೋಲ್ಟಿಗೂ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲ ಆಗದ ಹಾಗೆ ಹಿಡಿಯೋ ಅಂಟು) ಒಂದು ಹನಿ. ಮೊದಲ ದಿನ ಸಂಜೆ 4 ಮಿಮೀ ಅಲೆನ್ ಕೀ ಹಿಡಿದು ಮತ್ತೊಮ್ಮೆ ಬಿಗಿ ನೋಡಿ, ಸಡಿಲ ಆಗೋದು ಆಗಲೇ.

ಪ್ಯಾನಿಯರ್ ಹಾಕಿ, ಪ್ರಯಾಣದ ಶೂ ಹಾಕ್ಕೊಂಡು ಪೆಡಲನ್ನು ಹಿಂದಕ್ಕೆ ತಿರುಗಿಸಿ. ಹಿಮ್ಮಡಿ ತಾಗಿದ್ರೆ ಹುಕ್ ಬಿಚ್ಚಿ ಬ್ಯಾಗನ್ನ ಹಿಂದಕ್ಕೆ ಸರಿಸಿ. ಕೆಳಗಿನ ಹುಕ್ ಕ್ಯಾರಿಯರ್ ಕಾಲಿಗೆ ಸಿಕ್ಕಿರಬೇಕು, ಇಲ್ಲಾಂದ್ರೆ ಬ್ಯಾಗ್ ಓಲಾಡಿ ಸ್ಪೋಕಿಗೆ ಬಡಿಯುತ್ತೆ. ಟೂಲ್ಸ್, ಟೆಂಟ್ ಕಂಬಿ ತಳಕ್ಕೆ, ಬಟ್ಟೆ ಮೇಲಕ್ಕೆ. ಎರಡೂ ಬ್ಯಾಗ್ ತೂಗಿ, ಅರ್ಧ ಕೆಜಿಗಿಂತ ಹೆಚ್ಚು ವ್ಯತ್ಯಾಸ ಬೇಡ.

ಹಳೇಟ್ಯೂಬ್:
ಒಂದು ಮಾತಿಗೆ ಒಪ್ಪಲ್ಲ. 14 ಕೆಜಿಯನ್ನೂ ಹಿಂದಕ್ಕೇ ಹೇರಿದ್ರೆ ಮುಂದಿನ ಚಕ್ರ ಹಗುರಾಗಿ, ಆಗುಂಬೆಯ 14 ತಿರುವಲ್ಲಿ ಹ್ಯಾಂಡಲ್ ನಡುಗಬಹುದು. ಸ್ಲೀಪಿಂಗ್ ಬ್ಯಾಗ್, ಬಟ್ಟೆ ಸೇರಿ 3 ಕೆಜಿ ಡ್ರೈ ಬ್ಯಾಗಿಗೆ (ನೀರು ಒಳಗೆ ಹೋಗದ ಚೀಲಕ್ಕೆ) ತುಂಬಿ ಹ್ಯಾಂಡಲಿಗೆ ಕಟ್ಟಿ. ನಡುವೆ ಸ್ಪಂಜಿನ ತುಂಡು ಇಡಿ, ಬ್ರೇಕ್ ಕೇಬಲ್ ಮಡಚಬಾರದು. ನೀರು ಫ್ರೇಮಿನಲ್ಲಿ.

ಮೇಲೆ ಕಟ್ಟೋಕೆ ಹುಕ್ ಇರೋ ಎಲಾಸ್ಟಿಕ್ ಹಗ್ಗ ಬೇಡ. ಹುಕ್ ಜಾರಿ ಸ್ಪೋಕಿಗೆ ಸಿಕ್ಕಿದ್ರೆ ಚಕ್ರ ಗಕ್ಕನೆ ನಿಲ್ಲುತ್ತೆ. ಪಂಕ್ಚರ್ ಅಂಗಡಿಯಲ್ಲಿ ಹಳೇ ಬೈಕ್ ಟ್ಯೂಬ್ ಕೇಳಿ, ಎರಡು ಬೆರಳಗಲದ ಪಟ್ಟಿ ಸೀಳಿಸಿ, ಎಳೆದು ಸುತ್ತಿ ತುದಿ ಒಳಕ್ಕೆ ಸಿಕ್ಕಿಸಿ. ಇದರಷ್ಟು ಗಟ್ಟಿ ಹಿಡಿಯೋದು ಇನ್ನೊಂದಿಲ್ಲ.

ಭಾರಕ್ಕೆ ಮೊದಲು ಹೋಗೋದು ಹಿಂಚಕ್ರದ ಬಲಗಡೆ, ಅಂದ್ರೆ ಗೇರ್ ಕಡೆಯ ಸ್ಪೋಕ್. ಆ ಬದಿ ಎಳೆತ ಜಾಸ್ತಿ. ಹೊರಡೋ ಮುಂಚೆ ಬೆಂಡ್ ತೆಗೆಸಿ, ಎಳೆತ ಸಮ ಮಾಡಿಸಿ. ಎಡಕ್ಕೂ ಬಲಕ್ಕೂ ಸ್ಪೋಕಿನ ಉದ್ದ ಬೇರೆ, ಎರಡೆರಡು ಒಯ್ಯಿರಿ, ಚೈನ್‌ಸ್ಟೇಗೆ (ಪೆಡಲಿಂದ ಹಿಂಚಕ್ರಕ್ಕೆ ಹೋಗೋ ಫ್ರೇಮ್ ಪೈಪಿಗೆ) ಇಟ್ಟು ಟೇಪ್ ಸುತ್ತಿ. ಬಲಗಡೆಯದು ಹಾಕೋಕೆ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛ) ಬಿಚ್ಚಲೇಬೇಕು, ಅದರ ಟೂಲೂ ಇರಲಿ.

ಎರಡುಚಕ್ರ:
ಕ್ಲಾಂಪ್ ಅಳತೆ 34.9 ಬಂತು. ಟ್ರೇಲರ್ ಎಳೆದ್ರೆ ಹೇಗೆ? ವಾಪಸ್ ಬರೋದು ಟ್ರೈನಲ್ಲಿ.

ಮಲ್ನಾಡ್ ಪೆಡಲ್:
14 ಕೆಜಿಗೆ ಟ್ರೇಲರ್ ಯಾಕೆ? ಅದರ ತೂಕವೇ ಐದಾರು ಕೆಜಿ ಇರುತ್ತೆ, ಪಂಕ್ಚರ್ ಆಗೋಕೆ ಇನ್ನೊಂದು ಚಕ್ರ ಬೇರೆ. ಪಾರ್ಸೆಲ್ ಆಫೀಸಲ್ಲಿ ಸೈಕಲ್ ಬುಕ್ ಮಾಡುವಾಗ ಪ್ಯಾನಿಯರ್ ಕಳಚಿ ಜೊತೆಗೇ ಇಟ್ಕೊಳ್ಳಿ. ಪೆಡಲ್ ಬಿಚ್ಚೋಕೆ 15 ಮಿಮೀ ಸ್ಪ್ಯಾನರ್ ಬೇಕಾಗಬಹುದು. ನೆನಪಿರಲಿ, ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ.