ಸಹಾಯ ಬೇಕು: ಲಿನಕ್ಸ್, ಫ್ರೀಬಿಎಸ್‌ಡಿ ನಡುವೆ ಫೈಲ್ ಸೇವ್ ಆಗುತ್ತಿಲ್ಲ
ನಮಸ್ಕಾರ. ಒಂದು ಕಂಪ್ಯೂಟರ್‌ನಲ್ಲಿ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ), ಇನ್ನೊಂದರಲ್ಲಿ ಫ್ರೀಬಿಎಸ್‌ಡಿ (ಯುನಿಕ್ಸ್ ಮಾದರಿಯ ಬೇರೆ ಆಪರೇಟಿಂಗ್ ಸಿಸ್ಟಮ್) ಇದೆ. ಡೆಬಿಯನ್‌ನ ಹೋಮ್ ಫೋಲ್ಡರನ್ನು ಎನ್‌ಎಫ್‌ಎಸ್ 3ರಲ್ಲಿ (ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ವ್ಯವಸ್ಥೆ) ಹಂಚಿದ್ದೇನೆ. ಫ್ರೀಬಿಎಸ್‌ಡಿಯಲ್ಲಿ ಅದು ಮೌಂಟ್ ಆಗುತ್ತದೆ (ಜೋಡಣೆಯಾಗುತ್ತದೆ), ಫೈಲೂ ತೆರೆಯುತ್ತದೆ. ಸೇವ್ ಒತ್ತಿದರೆ ಮಾತ್ರ 'ಪರ್ಮಿಶನ್ ಡಿನೈಡ್'! ಎರಡೂ ಕಡೆ ಯೂಸರ್ ಹೆಸರು ಒಂದೇ. ಅರ್ಧ ದಿನ ಸುಮ್ನೆ ಫೈರ್‌ವಾಲನ್ನು ಬೈದೆ.

ಆಮೇಲೆ ಐಡಿ ಕಮಾಂಡ್ ಹಾಕಿ ನೋಡಿದರೆ ಡೆಬಿಯನ್‌ನಲ್ಲಿ ನನ್ನ ಯೂಸರ್ ನಂಬರ್ (ಯುಐಡಿ) 1000, ಫ್ರೀಬಿಎಸ್‌ಡಿಯಲ್ಲಿ 1001. ಎನ್‌ಎಫ್‌ಎಸ್ 3 ಹೆಸರು ಕೇಳುವುದಿಲ್ಲ, ನಂಬರ್ ಮಾತ್ರ ನೋಡುತ್ತದೆ ಅಲ್ವಾ? ಅಲ್ಲೇ ಎಡವಟ್ಟು.

ಫ್ರೀಬಿಎಸ್‌ಡಿಯಲ್ಲಿ ನಂಬರನ್ನು 1000 ಮಾಡಿ, ಅಲ್ಲಿನ ಹಳೆಯ ಫೈಲ್‌ಗಳಿಗೆಲ್ಲ ಚೌನ್ (ಫೈಲಿನ ಮಾಲೀಕರನ್ನು ಬದಲಿಸುವ ಕಮಾಂಡ್) ಹೊಡೆದರೆ ಸಾಕಾ? ಲಾಗಿನ್ ಆಗಿರುವಾಗಲೇ ಬದಲಿಸಿದರೆ ಕೆಡುತ್ತದೆ ಅನ್ನೋ ಭಯ. ಇಲ್ಲಾ ಎನ್‌ಎಫ್‌ಎಸ್ ಬದಲು ಎಸ್‌ಎಸ್‌ಎಚ್‌ಎಫ್‌ಎಸ್ (ಎಸ್‌ಎಸ್‌ಎಚ್ ಲಾಗಿನ್ ಮೂಲಕ ಫೋಲ್ಡರ್ ಜೋಡಿಸುವ ವಿಧಾನ) ಹಾಕಿಕೊಳ್ಳಲಾ? ದೊಡ್ಡ ವಿಡಿಯೋ ಫೈಲ್‌ಗಳೇ ಜಾಸ್ತಿ, ನಿಧಾನ ಆಗಬಹುದೇನೋ ಅಂತ ಹಿಂಜರಿಕೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.